ನಂದೇ ತಪ್ಪು ಅನ್ನುವ ಮಾತು

(ಮಂಡ್ಯ ಜಿಲ್ಲೆಯ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಕೌಟುಂಬಿಕ ಹಿಂಸೆಯ ಕಾನೂನಿನ ಬಗ್ಗೆ ಮಾತಾಡಿ ಎಂದು ನಿಮ್ಮ ಒಕ್ಕೂಟದವರು ನನ್ನನ್ನು ಕರೆದರು. ಕಾನೂನಿನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಬೇರೊಂದು ಮಾತು ಆಡಬೇಕಾಗಿದೆ. ಕಾನೂನು ಗೊತ್ತಿದ್ದರೂ ಅದನ್ನು ಬಳಸಲು ಕೈ ಏಳದ ಹಾಗೆ ಮಾಡುವ ಒಂದು ಸಂಗತಿ ನಮ್ಮೊಳಗೇ ಕೂತಿದೆ.

ಸಲಹಾ ಕೇಂದ್ರಕ್ಕೆ ಬರುವ ಹೆಂಗಸರ ಎದುರು ಕೂತು ಅವರ ಕಷ್ಟ ಕೇಳಿಸಿಕೊಳ್ಳುವುದು ನನ್ನ ಕೆಲಸ. ಅವರು ಮೊದಲು ಹೇಳುವುದು ಹೊಡೆತದ ಬಗ್ಗೆ ಎಂದು ನೀವು ಅಂದುಕೊಂಡಿರಬಹುದು. ಹಾಗೇನಿಲ್ಲ. ಕೈಮೇಲಿನ ಬಾಸುಂಡೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರು ಮೊದಲು ಮಾತಾಡುವುದು ಮಕ್ಕಳ ಬಗ್ಗೆ. ಮಗ ಸರಿಯಾಗಿ ಓದುತ್ತಿಲ್ಲ, ಮಗಳು ಮಾತಾಡುವುದನ್ನೇ ಬಿಟ್ಟಿದ್ದಾಳೆ, ಚಿಕ್ಕದು ರಾತ್ರಿ ಹಾಸಿಗೆಯಲ್ಲೇ ಉಚ್ಚೆ ಹುಯ್ಯುತ್ತದೆ. ಇಷ್ಟು ಹೇಳಿ ಕೊನೆಗೆ ತಲೆ ತಗ್ಗಿಸಿ ಹೇಳುತ್ತಾರೆ, “ಎಲ್ಲಾ ನಂದೇ ತಪ್ಪು ಮೇಡಂ.”

ಗಾರ್ಮೆಂಟ್ಸಿಗೆ ಹೋಗುವ ಒಬ್ಬ ಹೆಣ್ಣುಮಗಳು ಹೇಳಿದ್ದು ಕೇಳಿ. ಐದು ಗಂಟೆಗೆ ಎದ್ದು ಅಡಿಗೆ ಮಾಡಿಟ್ಟು ಆರೂವರೆಗೆ ವ್ಯಾನ್ ಹತ್ತುತ್ತಾಳೆ. “ನಾನು ಹೋಗೋವಾಗ ಮಗಾ ಎದ್ದಿರಕಿಲ್ಲ, ನಾನು ಬಂದು ಕೆಲ್ಸ ಮುಗ್ಸೋ ಹೊತ್ಗೆ ಮಲಗಿರ್ತದೆ. ನಾನೆಂತಾ ತಾಯಿ ಹೇಳಿ?” ಅವಳ ಸಂಬಳದಲ್ಲೇ ಮಗುವಿನ ಸ್ಕೂಲ್ ಫೀಜು ಕಟ್ಟುತ್ತಾರೆ, ಅತ್ತೆಯ ಮಾತ್ರೆ ತರುತ್ತಾರೆ. ಗಂಡ ವಾರಕ್ಕೆ ಎರಡು ದಿನ ಕೆಲಸಕ್ಕೆ ಹೋಗಿ ಐದು ದಿನ ಕುಡಿಯುತ್ತಾನೆ. ಅವನು ಯಾರ ಮುಂದೆಯಾದರೂ ಕೂತು ‘ನಾನೆಂಥಾ ತಂದೆ’ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಒಂದೇ ವಾರದಲ್ಲಿ ಇಬ್ಬರು ಬಂದಿದ್ದರು. ಒಬ್ಬಾಕೆ ಗಂಡನ ಹೊಡೆತ ತಡೆಯಲಾರದೆ ಎರಡು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. “ಮಕ್ಳಿಗೆ ಅಪ್ಪ ಇಲ್ದಂಗೆ ಮಾಡ್ಬುಟ್ಟೆ” ಎಂದು ಅತ್ತಳು. ಇನ್ನೊಬ್ಬಾಕೆ ಹದಿನೆಂಟು ವರ್ಷ ಅದೇ ಮನೆಯಲ್ಲಿ ಇದ್ದವಳು. “ಮಕ್ಳು ಮೊಕ ನೋಡ್ಕಂಡು ಇದ್ದೆ. ಅವು ಎಲ್ಲಾ ಕಣ್ಣಾರೆ ನೋಡ್ಕಂಡು ಬೆಳೆದ್ವು. ಮುಂಚೇನೆ ಎದ್ದು ಬಂದಿದ್ರೆ ಈ ಗತಿ ಇರ್ತಿರ್ಲಿಲ್ಲ” ಎಂದು ಅವಳೂ ಅತ್ತಳು. ಬಿಟ್ಟು ಬಂದವಳದೂ ತಪ್ಪು, ಉಳಿದವಳದೂ ತಪ್ಪು! ಒಬ್ಬಳು ಮಾಡಿದ್ದಕ್ಕೆ ತೀರಾ ವಿರುದ್ಧವಾದದ್ದನ್ನು ಇನ್ನೊಬ್ಬಳು ಮಾಡಿದ್ದಾಳೆ, ಇಬ್ಬರಿಗೂ ಬಿದ್ದ ತೀರ್ಪು ಒಂದೇ. ಹೊಡೆದವನ ಹೆಸರು ಎರಡು ಕಡೆಯೂ ಬರಲಿಲ್ಲ.

ನಿಮಗೆ ಲೆಕ್ಕದ ಪುಸ್ತಕ ನೋಡುವುದು ಗೊತ್ತು. ಸಂಘದಲ್ಲಿ ಒಬ್ಬರು ತೆಗೆದುಕೊಂಡ ಸಾಲವನ್ನು ಇನ್ನೊಬ್ಬರ ಪಾಸ್‌ಬುಕ್ಕಿನಲ್ಲಿ ಬರೆದರೆ ನೀವು ಸಭೆ ಮುಂದುವರಿಯಲು ಬಿಡುತ್ತೀರಾ? ಮನೆಯೊಳಗೆ ಮಾತ್ರ ಇದು ದಿನಾ ನಡೆಯುತ್ತದೆ. ಮಗ ಫಸ್ಟ್ ಕ್ಲಾಸಿನಲ್ಲಿ ಪಾಸಾದರೆ ಅವರಪ್ಪನ ಬುದ್ಧಿ ಬಂದಿದೆ. ಫೇಲಾದರೆ ತಾಯಿ ಮುದ್ದು ಮಾಡಿ ಕೆಡಿಸಿದಳು. ಮಗಳು ಯಾರನ್ನೋ ಮೆಚ್ಚಿಕೊಂಡಳು ಎಂದರೆ ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ತಯಾರಾಗಿರುತ್ತದೆ. ಮಗು ಸೊರಗಿದ್ದರೆ ತಾಯಿಯ ಹಾಲು ಸಾಲದು. ಹೆಣ್ಣು ಹುಟ್ಟಿದರಂತೂ ಹೇಳುವುದೇ ಬೇಡ, ಹೆತ್ತವಳದೇ ತಪ್ಪು. ಮಗು ಗಂಡೋ ಹೆಣ್ಣೋ ಎಂದು ತೀರ್ಮಾನವಾಗುವುದು ಗಂಡಸಿನ ವೀರ್ಯಾಣುವಿನಿಂದ. 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಅಮೆರಿಕದ ವಿಜ್ಞಾನಿ ಒಂದು ಜಾತಿಯ ಹುಳುವಿನ ಜೀವಕಣಗಳನ್ನು ಪರೀಕ್ಷಿಸಿ ಈ ಗುಟ್ಟನ್ನು ಬಿಡಿಸಿದರು. ಆಕೆಯೂ ಹೆಣ್ಣುಮಗಳೇ. ನೂರು ವರ್ಷ ದಾಟಿದರೂ ಆ ಸುದ್ದಿ ನಮ್ಮ ಅತ್ತೆಯರ ಕಿವಿಗೆ ಇನ್ನೂ ಬಿದ್ದಿಲ್ಲ.

ಈ ಅಪರಾಧಿ ಭಾವ ಬರೀ ಮನಸ್ಸಿನ ಸಂಕಟವಾಗಿದ್ದರೆ ನಾನು ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. ಇದರಿಂದ ಒಬ್ಬರಿಗೆ ಲಾಭ ಇದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮದುವೆಯಾದ ಹೆಂಗಸರಲ್ಲಿ, 18ರಿಂದ 49 ವರ್ಷದವರಲ್ಲಿ, 100ಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದ್ದಾರೆ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಗಂಡ ಹೆಂಡತಿಗೆ ಹೊಡೆಯುವುದು ಯಾವ ಯಾವ ಕಾರಣಕ್ಕೆ ಸರಿ? ಏಳು ಕಾರಣಗಳನ್ನು ಒಂದೊಂದಾಗಿ ಓದಿ ಕೇಳುತ್ತಾರೆ. ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡಿಗೆ ಸರಿಯಾಗಿ ಮಾಡದಿದ್ದರೆ, ಹೀಗೆ. ಅವುಗಳಲ್ಲಿ ಒಂದು, ‘ಮನೆ ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ’ ಎಂಬುದು. ಕರ್ನಾಟಕದಲ್ಲಿ 100ಕ್ಕೆ 77 ಹೆಂಗಸರು ಒಂದಲ್ಲ ಒಂದು ಕಾರಣಕ್ಕೆ ಹೊಡೆಯುವುದು ಸರಿ ಎಂದರು. ಗಂಡಸರಲ್ಲಿ 82. ನೋಡಿ, ನಮಗೂ ಅವರಿಗೂ ಹೆಚ್ಚು ಅಂತರವೇ ಇಲ್ಲ.

ಈ ಅಂಕಿ ಓದಿದಾಗ ಕೆಲವು ವಿದ್ಯಾವಂತರು ‘ಹೆಂಗಸರಿಗೇ ಹೊಡೆತ ಬೇಕು’ ಎಂದು ನಕ್ಕರು. ನನಗೆ ಬೇರೆಯೇ ಕಂಡಿತು. ಮಕ್ಕಳನ್ನು ನಾನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಒಬ್ಬ ಹೆಂಗಸು ಮೊದಲೇ ನಂಬಿದ್ದರೆ, ಏಟು ಬಿದ್ದಾಗ ಅವಳಿಗೆ ಅದು ಅನ್ಯಾಯ ಎನ್ನಿಸುವುದಿಲ್ಲ, ಶಿಕ್ಷೆ ಎನ್ನಿಸುತ್ತದೆ. ಶಿಕ್ಷೆ ಅನುಭವಿಸುವವರು ಠಾಣೆಗೆ ಹೋಗುತ್ತಾರೆಯೇ? ಹೊಡೆಯುವವನು ಇದನ್ನು ಚೆನ್ನಾಗಿ ಬಲ್ಲ. ಅದಕ್ಕೇ ಅವನು ‘ನಂಗೆ ಕುಡಿಯೋಕೆ ದುಡ್ಡು ಬೇಕು’ ಎಂದು ಹೊಡೆಯುವುದಿಲ್ಲ, ‘ಮಗೀಗೆ ಜ್ವರ ಬಂದದೆ, ಸಂಘ ಅಂತ ಎಲ್ಲಿಗೆ ಹೋಗಿದ್ದೆ’ ಎಂದು ಹೊಡೆಯುತ್ತಾನೆ. ಸಂಘದ ಸಭೆಗೆ ಹೋಗಿ ತಡವಾಗಿ ಬಂದು ಏಟು ತಿಂದವರು ಇಲ್ಲಿಯೂ ಇದ್ದೀರಿ, ಕೈ ಎತ್ತುವುದು ಬೇಡ.

ಒಬ್ಬ ತಾಯಿಯಿಂದ ಏನೇನು ನಿರೀಕ್ಷೆ ಮಾಡುತ್ತಾರೆ ಎಂದು ಸ್ವಲ್ಪ ನೋಡೋಣ. ಸಿನಿಮಾದ ತಾಯಿ ತಾನು ಉಪವಾಸ ಇದ್ದು ಮಗನಿಗೆ ಉಣಿಸುತ್ತಾಳೆ, ಹೊಲಿಗೆ ಯಂತ್ರ ತುಳಿದು ಅವನನ್ನು ದೊಡ್ಡ ಆಫೀಸರ್ ಮಾಡುತ್ತಾಳೆ, ಒಂದು ದಿನವೂ ಬೇಸರ ಮಾಡಿಕೊಳ್ಳುವುದಿಲ್ಲ. ಟಿವಿ ಜಾಹೀರಾತಿನ ತಾಯಿ ಅಚ್ಚುಕಟ್ಟಾದ ಸೀರೆ ಉಟ್ಟು ಲೋಟದಲ್ಲಿ ಹಾಲು ಹಿಡಿದು ನಗುತ್ತಾ ನಿಂತಿರುತ್ತಾಳೆ. ಶಾಲೆಯ ಗೋಡೆಯ ಮೇಲೆ ತಾಯಿಯ ಮಹಿಮೆ ಬರೆದಿರುತ್ತಾರೆ. ತಂದೆಯ ಕರ್ತವ್ಯದ ಬಗ್ಗೆ ಬರೆದ ಗೋಡೆ ಇನ್ನೂ ನನಗೆ ಸಿಕ್ಕಿಲ್ಲ. ತಾಯಿಯನ್ನು ದೇವರು ಎಂದು ಕರೆಯುವುದು ಗೌರವಕ್ಕಾಗಿ ಎಂದು ತಿಳಿದಿದ್ದೇವೆ. ದೇವರಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಕೂಲಿ ಕೊಡಬೇಕಾಗಿಲ್ಲ. ದೇವರು ಸುಸ್ತಾಯಿತು ಎಂದರೆ ಯಾರು ಕೇಳುತ್ತಾರೆ?

2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಒಂದು ಸಮೀಕ್ಷೆ ಮಾಡಿಸಿತು, ಯಾರು ದಿನದಲ್ಲಿ ಎಷ್ಟು ಹೊತ್ತು ಏನು ಮಾಡುತ್ತಾರೆ ಎಂದು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು 100ಕ್ಕೆ 81, ಗಂಡಸರು 26. ಹಾಗೆ ಮಾಡುವ ಹೆಂಗಸು ದಿನಕ್ಕೆ 299 ನಿಮಿಷ, ಅಂದರೆ ಹೆಚ್ಚೂಕಡಿಮೆ ಐದು ಗಂಟೆ ದುಡಿಯುತ್ತಾಳೆ. ಗಂಡಸು 97 ನಿಮಿಷ. ಮಕ್ಕಳು ಮುದುಕರನ್ನು ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ, ಅದು ಬೇರೆ. ಹೊಲದ ಕೂಲಿ, ರೇಷ್ಮೆ ಹುಳುವಿನ ಸೊಪ್ಪು, ಹಸು ಕರೆಯುವುದು, ಗಾರ್ಮೆಂಟ್ಸ್ ಇವೂ ಬೇರೆ. ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ಮಲಗುವಾಗ ‘ಮಗೂನ ಪಕ್ಕ ಕೂತು ಓದಿಸಲಿಲ್ಲವಲ್ಲ’ ಎಂದು ಅನ್ನಿಸಿದರೆ ಅದು ನಮ್ಮ ಕೊರತೆಯೋ, ದಿನದಲ್ಲಿ ಇಪ್ಪತ್ತನಾಲ್ಕೇ ಗಂಟೆ ಇರುವುದರ ಕೊರತೆಯೋ?

ನಾವೆಲ್ಲ ಶಾಲೆಯಲ್ಲಿ ಪುಣ್ಯಕೋಟಿಯ ಕತೆ ಕಲಿತವರು. ಹುಲಿಗೆ ಕೊಟ್ಟ ಮಾತಿಗೆ ತಪ್ಪದೆ ಹಿಂತಿರುಗಿದ ಹಸು. ತ್ಯಾಗಕ್ಕೆ, ಸತ್ಯಕ್ಕೆ ಅದನ್ನು ಉದಾಹರಣೆ ಕೊಡುತ್ತಾರೆ. ಅದರಲ್ಲಿ ಇನ್ನೊಂದು ಸಂಗತಿ ಇದೆ, ಯಾರೂ ಎತ್ತಿ ಹೇಳುವುದಿಲ್ಲ. ಹೊರಡುವ ಮುಂಚೆ ಪುಣ್ಯಕೋಟಿ ದೊಡ್ಡಿಯ ಉಳಿದ ಹಸುಗಳನ್ನೆಲ್ಲ ಕರೆದು ಕರುವನ್ನು ಅವುಗಳ ಕೈಗೆ ಒಪ್ಪಿಸುತ್ತಾಳೆ, ತಮ್ಮದೇ ಕರುವೆಂದು ನೋಡಿಕೊಳ್ಳಿ ಎನ್ನುತ್ತಾಳೆ. ಅಷ್ಟು ದೊಡ್ಡ ಸತ್ಯವಂತೆಯೂ ಕರುವನ್ನು ತಾನೊಬ್ಬಳೇ ಸಾಕಬೇಕು ಎಂದುಕೊಂಡಿರಲಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿಯೂ ಮಗು ಹತ್ತು ಸೊಂಟದ ಮೇಲೆ ಬೆಳೆಯುತ್ತಿತ್ತು. ಆ ಕಾಲ ಚಿನ್ನದಂಥದು ಎಂದು ನಾನು ಹೇಳುತ್ತಿಲ್ಲ, ಆ ತುಂಬಿದ ಮನೆಗಳಲ್ಲಿ ಸೊಸೆಯರು ಪಟ್ಟ ಪಾಡು ನಮಗೆ ಗೊತ್ತು. ಆದರೆ ಇವತ್ತು ರಾಮನಗರದಲ್ಲೋ ಬೆಂಗಳೂರಿನ ಪೀಣ್ಯದಲ್ಲೋ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಹೆಂಗಸು ಆ ಹತ್ತು ಸೊಂಟಗಳ ಕೆಲಸ ಮಾಡಬೇಕು. ಮಾಡಲಾಗದಿದ್ದರೆ ಕೆಟ್ಟ ತಾಯಿ.

ಹಾಗಿದ್ದರೆ ಆ ಕೆಲಸದಲ್ಲಿ ಸರ್ಕಾರದ ಪಾಲು, ಮಾಲೀಕನ ಪಾಲು ಎಲ್ಲಿ ಹೋಯಿತು? ಕಾರ್ಖಾನೆಯಲ್ಲಿ ಹೆಂಗಸರು ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯನ್ನು ತಿದ್ದಿ, ರಜೆಯನ್ನು 26 ವಾರಕ್ಕೆ ಏರಿಸಿದಾಗ, 50 ಮಂದಿ ಇರುವ ಕಡೆಯೆಲ್ಲ ಅಂಥ ಕೇಂದ್ರ ಇರಲೇಬೇಕು ಎಂದರು. ಅಂಗನವಾಡಿ ಯೋಜನೆ 1975ರಲ್ಲಿ ಶುರುವಾದಾಗ ದೇಶದ ಮೊದಲ 33 ಕಡೆಗಳಲ್ಲಿ ನಿಮ್ಮ ಪಕ್ಕದ ಟಿ. ನರಸೀಪುರವೂ ಒಂದು. ಕೂಲಿ ಮಾಡುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಯೋಜನೆ ತಂದಿತು. ಕಾಗದದ ಮೇಲೆ ಇಷ್ಟೆಲ್ಲ ಇದೆ. ಅಂಗನವಾಡಿ ಮುಚ್ಚುವ ಹೊತ್ತಿಗೂ ಗಾರ್ಮೆಂಟ್ಸ್ ಬಿಡುವ ಹೊತ್ತಿಗೂ ತಾಳೆಯಿಲ್ಲ ಎಂಬುದನ್ನು ನೀವೇ ನನಗಿಂತ ಚೆನ್ನಾಗಿ ಬಲ್ಲಿರಿ. ಮಗುವನ್ನು ನೋಡಿಕೊಳ್ಳುವವರಿಲ್ಲ ಎಂದು ಅತ್ತುಕೊಳ್ಳುವ ಬದಲು ಮುಂದಿನ ಗ್ರಾಮಸಭೆಯಲ್ಲಿ ‘ನಮ್ಮೂರಿನ ಕೂಸಿನ ಮನೆ ಎಲ್ಲಿ, ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತದೆ’ ಎಂದು ಹತ್ತು ಜನ ಎದ್ದು ಕೇಳಿ. ಪಂಚಾಯಿತಿಯವರು ತಲೆ ಕೆರೆದುಕೊಳ್ಳಲಿ, ಸ್ವಲ್ಪ ಹೊತ್ತು ಅಪರಾಧಿ ಭಾವ ಅವರಿಗೂ ಬರಲಿ.

ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಿನಿಕಾಟ್ ಎಂಬ ಮಕ್ಕಳ ವೈದ್ಯರಿದ್ದರು. ಮನೋವಿಜ್ಞಾನವನ್ನೂ ಓದಿದವರು. ಸಾವಿರಾರು ತಾಯಿ ಮಕ್ಕಳನ್ನು ನೋಡಿ 1953ರಲ್ಲಿ ಅವರು ಒಂದು ಮಾತು ಬರೆದರು. ಮಗುವಿಗೆ ಬೇಕಾದದ್ದು ತಪ್ಪೇ ಮಾಡದ ತಾಯಿಯಲ್ಲ, ಸಾಕುವಷ್ಟು ಒಳ್ಳೆಯವಳಾದ ತಾಯಿ. ಹುಟ್ಟಿದ ಹೊಸದರಲ್ಲಿ ಮಗು ಅತ್ತ ಕೂಡಲೇ ತಾಯಿ ಓಡಿಬರುತ್ತಾಳೆ. ಅದು ಬೆಳೆದಂತೆ ಸ್ವಲ್ಪ ತಡವಾಗುತ್ತದೆ, ಒಮ್ಮೊಮ್ಮೆ ಕೇಳಿದ್ದು ಸಿಗುವುದಿಲ್ಲ. ಈ ಚಿಕ್ಕಪುಟ್ಟ ಕೊರತೆಗಳಿಂದಲೇ ಮಗು ಲೋಕ ತನ್ನ ಇಷ್ಟದಂತೆ ನಡೆಯುವುದಿಲ್ಲ ಎಂದು ಕಲಿಯುತ್ತದೆ, ತಾನೇ ಏನಾದರೂ ಮಾಡಿಕೊಳ್ಳಲು ಶುರು ಮಾಡುತ್ತದೆ. ಸಾರು ಆರಿದ್ದಕ್ಕೆ, ಯೂನಿಫಾರಂ ಇಸ್ತ್ರಿಯಾಗದ್ದಕ್ಕೆ, ಸ್ಕೂಲ್ ಡೇಗೆ ಹೋಗಲಾಗದ್ದಕ್ಕೆ ನೀವು ಕೊರಗುವಾಗ ಈ ಮಾತು ನೆನಪಿರಲಿ. ವಿನಿಕಾಟ್ ಅವರೂ ತಾಯಿಯನ್ನೇ ನಡುವೆ ಕೂರಿಸಿದರು, ತಂದೆಯನ್ನು ಬದಿಗೆ ಸರಿಸಿದರು ಎಂಬ ತಕರಾರು ನನಗಿದೆ. ಆದರೂ ಉಪಯೋಗಕ್ಕೆ ಬರುವುದನ್ನು ಎಲ್ಲಿ ಸಿಕ್ಕಿದರೂ ತೆಗೆದುಕೊಳ್ಳೋಣ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ‘ಮಕ್ಕಳಿಗೋಸ್ಕರ ಸಹಿಸಿಕೋ’ ಎಂದು ನಮಗೆ ಹೇಳುತ್ತಾರೆ. ಹೊಡೆತ ನಡೆಯುವ ಮನೆಯಲ್ಲಿ ಮಗುವಿನ ಮೈಮೇಲೆ ಒಂದು ಏಟೂ ಬೀಳದಿದ್ದರೂ ಅದಕ್ಕೆ ಪೆಟ್ಟಾಗುತ್ತದೆ. ರಾತ್ರಿ ಬೆಚ್ಚಿ ಏಳುತ್ತದೆ, ಮಂಕಾಗುತ್ತದೆ, ಇಲ್ಲವೇ ಶಾಲೆಯಲ್ಲಿ ಉಳಿದ ಮಕ್ಕಳಿಗೆ ಹೊಡೆಯುತ್ತದೆ. ಇದನ್ನು ಹೇಳಲು ನನಗೆ ಅಂಜಿಕೆ, ಯಾಕೆಂದರೆ ಉಳಿದುಕೊಂಡ ತಾಯಿ ಇದನ್ನೂ ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತಾಳೆ. ಹಾಗೆ ಬರೆದುಕೊಳ್ಳಬೇಡಿ. ಮಗುವಿಗೆ ಪೆಟ್ಟು ಕೊಟ್ಟದ್ದು ಹೊಡೆದವನು. ಹೋಗಲು ಜಾಗವಿಲ್ಲದೆ, ಕೈಯಲ್ಲಿ ಕಾಸಿಲ್ಲದೆ, ‘ಹೊಂದಿಕೊಂಡು ಹೋಗು’ ಎಂದು ತವರಿನವರು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದಾಗ ಉಳಿದುಕೊಂಡವಳು ಅಪರಾಧಿಯಲ್ಲ. ಆ ಮನೆಯಲ್ಲಿ ಇದ್ದೂ ಮಕ್ಕಳಿಗೆ ಅನ್ನ ಹಾಕಿ, ಜಗಳ ಶುರುವಾದಾಗ ಅವರನ್ನು ಪಕ್ಕದ ಮನೆಗೆ ದಾಟಿಸಿ, ಹೇಗೋ ಶಾಲೆಗೆ ಕಳಿಸಿದ್ದಾಳಲ್ಲ, ಅದನ್ನು ಯಾರು ಲೆಕ್ಕ ಇಟ್ಟಿದ್ದಾರೆ?

ಇಂಥ ಮಕ್ಕಳಿಗೆ ಬೇಕಾದದ್ದು ತಮ್ಮ ಪರವಾಗಿ ಗಟ್ಟಿಯಾಗಿ ನಿಲ್ಲುವ ದೊಡ್ಡವರು, ಒಬ್ಬರಾದರೂ ಸರಿ. ಅಮ್ಮ ಆಗಬಹುದು, ಅಜ್ಜಿ ಆಗಬಹುದು, ಮೇಷ್ಟ್ರು ಆಗಬಹುದು, ಸಂಘದ ಅಕ್ಕನೂ ಆಗಬಹುದು. ಇನ್ನೊಂದು, ಮಕ್ಕಳೂ ನಮ್ಮಂತೆಯೇ ‘ನಂದೇ ತಪ್ಪು’ ಎಂದುಕೊಂಡಿರುತ್ತವೆ. ತಾನು ಹಠ ಮಾಡಿದ್ದಕ್ಕೇ ಅಪ್ಪ ಅಮ್ಮನಿಗೆ ಹೊಡೆದ ಎಂದು ಆರು ವರ್ಷದ ಹುಡುಗಿ ನನಗೆ ಹೇಳಿದ್ದಾಳೆ. ‘ಇದು ನಿನ್ನಿಂದ ಆಗಿದ್ದಲ್ಲ ಕಣೋ’ ಎಂದು ಬಾಯಿಬಿಟ್ಟು ಹೇಳಿ. ಅವು ತಾವಾಗಿ ಕೇಳುವುದಿಲ್ಲ.

ಹಾಗೆಂದರೆ ತಾಯಂದಿರು ತಪ್ಪೇ ಮಾಡುವುದಿಲ್ಲವೆ ಎಂದು ಕೇಳಬಹುದು. ಮಾಡುತ್ತಾರೆ. ಗಂಡನ ಮೇಲಿನ ಸಿಟ್ಟನ್ನು ಮಗುವಿನ ಬೆನ್ನಿನ ಮೇಲೆ ತೀರಿಸಿಕೊಳ್ಳುವುದು ತಪ್ಪು, ಅದನ್ನು ಸಣ್ಣದು ಮಾಡಿ ಹೇಳುವುದಿಲ್ಲ. ಆದರೆ ಅಂಥ ತಪ್ಪಿಗೆ ಮಾಡಬೇಕಾದ ಕೆಲಸವಿದೆ. ಮಗುವನ್ನು ಹತ್ತಿರ ಕರೆದು, ನಿನಗೆ ಹೊಡೆದದ್ದು ಸರಿಯಲ್ಲ ಎಂದು ಹೇಳಬೇಕು, ಮತ್ತೆ ಸಿಟ್ಟು ಏರಿದಾಗ ಅಂಗಳಕ್ಕೆ ಎದ್ದು ಹೋಗಬೇಕು, ದಿನಾ ಹೀಗೇ ಆಗುತ್ತಿದ್ದರೆ ಯಾರೊಡನೆಯಾದರೂ ಮಾತಾಡಬೇಕು. ರಾತ್ರಿಯೆಲ್ಲ ‘ನಾನು ಪಾಪಿ’ ಎಂದು ಅತ್ತು ಬೆಳಿಗ್ಗೆ ಮತ್ತೆ ಹೊಡೆದರೆ ಆ ಅಳುವಿನಿಂದ ಮಗುವಿಗೆ ಏನು ಬಂತು?

ಕಾನೂನಿನ ಮಾತು. ‘ಹೊರಟರೆ ಮಕ್ಕಳನ್ನು ಬಿಟ್ಟುಹೋದಳು ಅಂತಾರೆ, ಮಕ್ಕಳನ್ನು ಕಿತ್ತುಕೊಳ್ತಾರೆ’ ಎಂಬ ಭಯದಿಂದಲೇ ಬಹಳ ಮಂದಿ ಬಾಯಿ ಮುಚ್ಚಿಕೊಂಡಿರುತ್ತಾರೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದರ 17ನೆಯ ಕಲಮಿನ ಪ್ರಕಾರ, ಮನೆ ಯಾರ ಹೆಸರಿನಲ್ಲಿದ್ದರೂ ನೀವು ಸಂಸಾರ ಮಾಡುತ್ತಿರುವ ಮನೆಯಲ್ಲಿ ಇರಲು ನಿಮಗೆ ಹಕ್ಕಿದೆ. ಮನೆ ಬಿಟ್ಟು ಹೋಗಬೇಕಾದವರು ನೀವೇ ಎಂದೇನಿಲ್ಲ. 21ನೆಯ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ಮಕ್ಕಳನ್ನು ತಾತ್ಕಾಲಿಕವಾಗಿ ನಿಮ್ಮ ಸುಪರ್ದಿಗೆ ಕೊಡಬಹುದು. 20ನೆಯದರಲ್ಲಿ ನಿಮಗೂ ಮಕ್ಕಳಿಗೂ ಖರ್ಚಿಗೆ ಹಣ ಕೊಡಿಸಬಹುದು. ಹಿಂದೂಗಳಲ್ಲಿ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು ಎಂದು 1956ರ ಪೋಷಕತ್ವ ಕಾಯ್ದೆ ಹೇಳುತ್ತದೆ. ತಂದೆ ಬದುಕಿದ್ದಾಗಲೂ ತಾಯಿ ಮಗುವಿನ ಪೋಷಕಳಾಗಬಹುದು ಎಂದು 1999ರಲ್ಲಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಪ್ಪಿಕೊಂಡಿತು. ಅರ್ಜಿ ಕೊಡಲು ಸಂರಕ್ಷಣಾಧಿಕಾರಿಯ ಹತ್ತಿರ ಹೋಗಬೇಕು, ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಆ ಕೆಲಸ ನೋಡುತ್ತಾರೆ. ಸಹಾಯವಾಣಿ 181. ಮಕ್ಕಳಿಗೆ 1098. ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೇ ಕಚೇರಿ ಇದೆ.

ಇನ್ನು, ಮಗಳನ್ನು ಕಳೆದುಕೊಂಡ ತಾಯಂದಿರು. ಇವರ ಬಗ್ಗೆ ಮಾತಾಡದೆ ಹೋದರೆ ನಾನು ಬಂದದ್ದೇ ವ್ಯರ್ಥ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು, ‘ಸ್ಟೌವ್ ಸಿಡಿದು ಸತ್ತಳು’ ಎಂದು ಬರೆದು ಮುಚ್ಚಿಹಾಕುತ್ತಿದ್ದ ಸಾವುಗಳ ಬೆನ್ನು ಹತ್ತಿದರು. ಅಂಥ ಒಂದೊಂದು ಸಾವಿನ ಹಿಂದೆಯೂ ಒಬ್ಬ ತಾಯಿ ಇರುತ್ತಾಳೆ. ನನ್ನ ಎದುರು ಕೂತ ತಾಯಂದಿರು ಹೇಳುವುದು ಒಂದೇ. “ಮೂರು ಸಾರಿ ಬಂದಿದ್ಲು. ಮೂರು ಸಾರೀನೂ ಸಮಾಧಾನ ಮಾಡಿ ಕಳಿಸ್ದೆ. ಕೊನೇ ಸಾರಿ ಬಸ್ ಹತ್ಸಿದ್ದೂ ನಾನೇ.”

ಈ ಮಾತಿಗೆ ಸುಲಭದ ಸಮಾಧಾನ ನನ್ನ ಹತ್ತಿರ ಇಲ್ಲ. ನಾನು ಅವರಿಗೆ ಕೇಳುವುದಿಷ್ಟು: ಅವಳನ್ನು ಮನೆಯಲ್ಲಿ ಉಳಿಸಿಕೊಳ್ಳುವ ತೀರ್ಮಾನ ನಿಮ್ಮ ಕೈಯಲ್ಲಿತ್ತೇ? ಜಮೀನು ಯಾರ ಹೆಸರಿನಲ್ಲಿದೆ, ಊರಿನ ನ್ಯಾಯಕ್ಕೆ ಯಾರು ಕೂತಿದ್ದರು, ‘ಇನ್ನೂ ಇಬ್ಬರು ಹೆಣ್ಣುಮಕ್ಕಳ ಮದುವೆ ಆಗಬೇಕು’ ಎಂದು ಹೇಳಿದವರು ಯಾರು? ಬಸ್ಸಿನವರೆಗೆ ಜೊತೆಗೆ ಹೋಗುವ ಕೆಲಸ ಮಾತ್ರ ತಾಯಿಗೆ ಬಿಟ್ಟಿದ್ದರು. ಬೆಂಕಿ ಹಚ್ಚಿದವರ ಅಪರಾಧವನ್ನು ಹೊತ್ತುಕೊಂಡು ಕೂತರೆ ಅವರು ಹಗುರವಾಗಿ ಓಡಾಡುತ್ತಾರೆ. ನಿಜವಾಗಿ ಆಗುವುದೂ ಅದೇ. ‘ನಾವೇ ವರದಕ್ಷಿಣೆ ಕೊಟ್ಟಿದ್ದೇವೆ, ಕೇಳಿದರೆ ನಮ್ಮನ್ನೇ ಹಿಡೀತಾರೆ’ ಎಂದು ತಾಯಿ ಸಾಕ್ಷಿ ಹೇಳಲು ಹಿಂದೆಗೆಯುತ್ತಾಳೆ. ಕೊಡುವುದೂ ಅಪರಾಧವೇ ಹೌದು, 1961ರಿಂದ. ಆದರೆ ಅದೇ ವರದಕ್ಷಿಣೆ ನಿಷೇಧ ಕಾಯ್ದೆಯ 7ನೆಯ ಕಲಮಿನಲ್ಲಿ, ನೊಂದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಆ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದಿದೆ. ಕಾನೂನು ಸೇವಾ ಸಮಿತಿಯ ವಕೀಲರನ್ನು ಕೇಳಿಕೊಂಡು ಹೇಳಿಕೆ ಕೊಡಿ. ಮದುವೆಯಾಗಿ 7 ವರ್ಷದೊಳಗೆ ಅಸಹಜ ಸಾವು ಸಂಭವಿಸಿ, ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿದ್ದರೆ ಅದು ವರದಕ್ಷಿಣೆ ಸಾವು. ಮೊದಲು ಇದು ದಂಡ ಸಂಹಿತೆಯ 304ಬಿ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೆಯ ಕಲಮು. ಹಳೆಯ 498ಎ ಈಗ 85. ಹಿಂಸೆ ನಡೆದಿತ್ತು ಎಂದು ಹೇಳಬಲ್ಲವರು ಹೆಚ್ಚಾಗಿ ತಾಯಿಯೇ, ಮಗಳು ಬೇರೆ ಯಾರಿಗೆ ಹೇಳಿರುತ್ತಾಳೆ?

ದೆಹಲಿಯಲ್ಲಿ ಸತ್ಯರಾಣಿ ಚಡ್ಡಾ ಎಂಬ ತಾಯಿ ಇದ್ದರು. 1979ರಲ್ಲಿ ಅವರ ಗರ್ಭಿಣಿ ಮಗಳು ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಗಂಡನ ಮನೆಯವರು ಕೇಳಿದ್ದು ಸ್ಕೂಟರ್. ಸತ್ಯರಾಣಿ ಮನೆಯಲ್ಲಿ ಕೂರಲಿಲ್ಲ. ಹಾಗೆಯೇ ಮಗಳನ್ನು ಕಳೆದುಕೊಂಡಿದ್ದ ಶಾಹಜಹಾನ್ ಆಪಾ ಅವರ ಜೊತೆ ಸೇರಿ ಬೀದಿಗಿಳಿದರು. 1987ರಲ್ಲಿ ಇಬ್ಬರೂ ಸೇರಿ ‘ಶಕ್ತಿ ಶಾಲಿನಿ’ ಎಂಬ ಆಸರೆಯ ಮನೆ ಕಟ್ಟಿದರು, ಬೇರೆಯವರ ಹೆಣ್ಣುಮಕ್ಕಳಿಗೆ ಹಿಂತಿರುಗಲು ಒಂದು ಬಾಗಿಲಿರಲಿ ಎಂದು. ಅಳಿಯನಿಗೆ ಆದ ಶಿಕ್ಷೆಯನ್ನು ಹೈಕೋರ್ಟು ಎತ್ತಿಹಿಡಿದದ್ದು 2013ರಲ್ಲಿ, ಮಗಳು ಸತ್ತ 34 ವರ್ಷದ ಮೇಲೆ. ಮರುವರ್ಷ ಸತ್ಯರಾಣಿ ತೀರಿಕೊಂಡರು. ಆ 34 ವರ್ಷದಲ್ಲಿ ಅವರ ಮನಸ್ಸಿನಲ್ಲಿ ಏನೇನಿತ್ತೋ ನಾನು ಊಹಿಸಲಾರೆ. ತಪ್ಪಿತಸ್ಥರು ಯಾರು ಎಂಬುದರಲ್ಲಿ ಅವರಿಗೆ ಗೊಂದಲವಿರಲಿಲ್ಲ ಎಂಬುದು ಮಾತ್ರ ಕಾಣುತ್ತದೆ.

ಚೀಟಿಯಲ್ಲಿ ಒಂದು ಪ್ರಶ್ನೆ ಬಂದಿದೆ. ಹಿರಿಯರೊಬ್ಬರದು, ಹೆಸರು ಬರೆದಿಲ್ಲ. “ನನ್ನ ಮಗ ಹೆಂಡತಿಗೆ ಹೊಡೀತಾನೆ. ನಾನು ಸರಿಯಾಗಿ ಬೆಳೆಸಲಿಲ್ಲವಾ?”

ಅಮ್ಮ, ಇದನ್ನು ಬರೆಯಲು ಧೈರ್ಯ ಬೇಕು. ಮೂವತ್ತು ವರ್ಷದ ಗಂಡಸು ಕೈ ಎತ್ತಿದರೆ ಆ ಕೈ ಅವನದು. ಅವನು ಬೆಳೆದದ್ದು ನಿಮ್ಮ ಮಡಿಲಲ್ಲಿ ಮಾತ್ರವಲ್ಲ. ಅವರಪ್ಪ ನಿಮ್ಮನ್ನು ಹೇಗೆ ನಡೆಸಿಕೊಂಡರು ಎಂದು ನೋಡಿದ್ದಾನೆ, ಊರು ನೋಡಿದ್ದಾನೆ, ಸಿನಿಮಾ ನೋಡಿದ್ದಾನೆ. ನಿಮ್ಮನ್ನೂ ಹೊಡೆದಿದ್ದರೆ ಆಗ ನಿಮ್ಮ ಪರವಾಗಿ ಯಾರೂ ಬಂದಿರಲಾರರು. ಆ ಹಳೆಯ ಲೆಕ್ಕ ಬಿಡಿ. ಇವತ್ತಿನದು ಮಾತ್ರ ನಿಮ್ಮದು. ಈ ರಾತ್ರಿ ಅವನು ಕೈ ಎತ್ತಿದಾಗ ನೀವು ಎಲ್ಲಿರುತ್ತೀರಿ? ಬಾಗಿಲು ಹಾಕಿಕೊಂಡು ಒಳಗೆ ಕೂತು ‘ನಾನೇ ಸರಿಯಾಗಿ ಬೆಳೆಸಲಿಲ್ಲ’ ಎಂದು ಅಳುತ್ತಿದ್ದರೆ ಸೊಸೆಗೆ ಬೀಳುವ ಏಟು ಒಂದೂ ಕಡಿಮೆಯಾಗುವುದಿಲ್ಲ. ನಡುವೆ ಹೋಗಿ ನಿಮ್ಮ ಕೈಕಾಲು ಮುರಿಸಿಕೊಳ್ಳಿ ಎಂದು ಹೇಳುತ್ತಿಲ್ಲ. ಮೊಮ್ಮಕ್ಕಳನ್ನು ಎಬ್ಬಿಸಿಕೊಂಡು ಪಕ್ಕದ ಮನೆಗೆ ಹೋಗಿ, ಅಲ್ಲಿಂದ 112ಕ್ಕೆ ಫೋನ್ ಮಾಡಿಸಿ. ನಾಳೆ ಸೊಸೆಗೆ, ‘ನೀನು ಹೇಳು, ನಾನು ನೋಡಿದ್ದೀನಿ ಅಂತ ನಾನೂ ಹೇಳ್ತೀನಿ’ ಎನ್ನಿ. ಅತ್ತೆಯೊಬ್ಬಳು ಸೊಸೆಯ ಪರ ಹೇಳಿಕೆ ಕೊಟ್ಟದ್ದನ್ನು ನಾನು ಎರಡೇ ಸಲ ನೋಡಿದ್ದೇನೆ, ಎರಡು ಸಲವೂ ಹುಡುಗ ಠಾಣೆಯಲ್ಲಿ ತಲೆ ಎತ್ತಲಿಲ್ಲ. ಬೇಕಾದರೆ ನಿಮ್ಮ ಜೊತೆ ನಾನೂ ಬರುತ್ತೇನೆ. ಹೆಸರು ಹೇಳಬೇಕಾಗಿಲ್ಲ, ಸಭೆ ಮುಗಿದ ಮೇಲೆ ಹೊಂಗೆ ಮರದ ಹತ್ತಿರ ಇರುತ್ತೇನೆ.

ಉಳಿದ ಚೀಟಿಗಳನ್ನು ಊಟ ಆದಮೇಲೆ ಓದೋಣ. ನಿಮ್ಮ ಮಕ್ಕಳನ್ನು ಬೆಳಿಗ್ಗೆಯಿಂದ ಇಬ್ಬರು ಹುಡುಗಿಯರು ಅಂಗನವಾಡಿಯಲ್ಲಿ ಆಡಿಸುತ್ತಾ ಕೂತಿದ್ದಾರೆ, ಮೊದಲು ಅವರಿಗೆ ಬಡಿಸಿಬಿಡಿ.